ಮಿಕ್ಸಿ ಕಂಡುಹಿಡಿದೋರು, ಮಿಕ್ಸಿ ತೊಳೆದೋರು

1/8

ಈ ಸಲದ "ಹಳೇ ಸಾಮಾನು" ಸರಣಿಯ ಮೊದಲ ಫೋಟೊ ಏನು ಅಂತ ಗುರುತು ಹಿಡೀರಿ ನೋಡೋಣ. ನಾಲ್ಕು ರಬ್ಬರ್ ಕಾಲು, ಗಾಳಿ ಆಡೋಕೆ ಉದ್ದುದ್ದ ಕಿಂಡಿ, ಪಕ್ಕದಲ್ಲೊಂದು ಸಣ್ಣ ಕೆಂಪು ಗುಂಡಿ. ಹೌದು, ಮಿಕ್ಸಿಯ ತಳ. ದಿನಾ ಬೆಳಗ್ಗೆ ಇದರ ಸದ್ದಿಗೇ ಎದ್ದೇಳೋ ನಾವು ಇದರ ತಳ ನೋಡಿರೋದು ಮಾತ್ರ ಕಡಿಮೆ.

ಆ ಕೆಂಪು ಗುಂಡಿ ಓವರ್‌ಲೋಡ್ ಸ್ವಿಚ್. ಜಾರ್ ತುಂಬಾ ತುಂಬಿದಾಗ, ಇಲ್ಲಾ ಗಟ್ಟಿ ಪದಾರ್ಥ ಸಿಕ್ಕಿಕೊಂಡು ಬ್ಲೇಡ್ ನಿಂತಾಗ ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತೆ. ಸುಟ್ಟು ಹೋಗೋಕೆ ಮುಂಚೆ ಈ ಗುಂಡಿ ಹೊರಗೆ ಬಂದು ಕರೆಂಟ್ ಕಡಿಯುತ್ತೆ. ಪ್ಲಗ್ ತೆಗೀರಿ, ಐದು ಹತ್ತು ನಿಮಿಷ ತಣ್ಣಗಾಗೋಕೆ ಬಿಡಿ, ಜಾರ್‌ನಲ್ಲಿರೋದನ್ನ ಅರ್ಧ ತೆಗೀರಿ, ಗುಂಡಿ ಒತ್ತಿ. ಮತ್ತೆ ಓಡುತ್ತೆ. "ಮಿಕ್ಸಿ ಸತ್ತೋಯ್ತು" ಅಂತ ಚೀಲದಲ್ಲಿ ಹಾಕ್ಕೊಂಡು ಬಿಳಿಚೋಡಿಂದ ದಾವಣಗೆರೆ ಬಸ್ ಹತ್ತಿದ ಎಷ್ಟೋ ಮಿಕ್ಸಿಗೆ ಬೇಕಾಗಿದ್ದು ಇಷ್ಟೇ.

ಇದನ್ನ ನನಗೆ ಹೇಳಿಕೊಟ್ಟಿದ್ದು ಯಾವ ಎಂಜಿನಿಯರೂ ಅಲ್ಲ, ನಮ್ಮಮ್ಮ. ಅಮ್ಮನಿಗೆ ಹೇಳಿದ್ದು ನಮ್ಮ ದೊಡ್ಡಮ್ಮ. ಯಂತ್ರಗಳ ಇತಿಹಾಸ ಅಂದ್ರೆ ಕಂಡುಹಿಡಿದೋರ ಹೆಸರು, ಇಸವಿ, ಮುಗೀತು. ಆದರೆ ಕಂಡುಹಿಡಿಯೋದು ಒಂದು ಸಲ. ತೊಳೆಯೋದು ದಿನಾ. ಈ ಎರಡೂ ಇತಿಹಾಸ ಒಟ್ಟಿಗೆ ಬರೆದ್ರೆ ಹೇಗಿರುತ್ತೆ ಅಂತ ನೋಡೋಕೆ ಈ ಎಂಟು ಪೋಸ್ಟ್.

2/8

ಮಿಕ್ಸಿಗಿಂತ ಮೊದಲು ಕಲ್ಲು. ಬಳ್ಳಾರಿ ಹತ್ತಿರದ ಸಂಗನಕಲ್ಲು ಗುಡ್ಡಗಳಲ್ಲಿ ನವಶಿಲಾಯುಗದ ಜನ ಕಾಳು ಅರೆಯೋಕೆ ಬಳಸಿದ ಕಲ್ಲುಗಳು ಸಿಕ್ಕಿವೆ. ಅಂದ್ರೆ ನಮ್ಮ ಈ ಸೀಮೆಯಲ್ಲಿ ಕಲ್ಲಿನ ಮುಂದೆ ಕೂತು ಅರೆಯೋ ಕೆಲಸಕ್ಕೆ ಮೂರು ಸಾವಿರ ವರ್ಷಕ್ಕೂ ಜಾಸ್ತಿ ವಯಸ್ಸು. ನಮ್ಮ ಅಜ್ಜಿಯರ ಕಾಲಕ್ಕೆ ಅದು ಬೇರೆ ಬೇರೆ ಆಗಿತ್ತು. ಹಿಟ್ಟಿಗೆ ಬೀಸುಕಲ್ಲು, ಚಟ್ನಿ ಖಾರಕ್ಕೆ ಒರಳುಕಲ್ಲು, ಕುಟ್ಟೋದಕ್ಕೆ ಒನಕೆ.

ಕಲ್ಲಿಗೂ ಮೇಂಟೆನೆನ್ಸ್ ಇತ್ತು ಕಣ್ರಿ. ರುಬ್ಬಿ ರುಬ್ಬಿ ಕಲ್ಲು ನುಣ್ಣಗಾದ್ರೆ ಕಾಳು ಜಾರುತ್ತೆ, ನುರಿಯಲ್ಲ. ಆಗ ಉಳಿ ಸುತ್ತಿಗೆ ಹಿಡಿದು ಊರೂರು ತಿರುಗೋ ಕಲ್ಲು ಕೆಲಸದೋರು ಬಂದು ಒರಳಿಗೆ ಮತ್ತೆ ಕಚ್ಚು ಹಾಕೋರು. ಕಚ್ಚು ಹಾಕಿಸಿದ ದಿನ ಮೊದಲ ಸಲ ರುಬ್ಬಿದ್ದನ್ನ ಯಾರೂ ತಿಂತಿರಲಿಲ್ಲವಂತೆ, ಕಲ್ಲಿನ ಪುಡಿ ಸೇರಿರುತ್ತೆ ಅಂತ. ಒಂದು ಹಿಡಿ ನೆನೆದ ಅಕ್ಕಿ ರುಬ್ಬಿ ಚೆಲ್ಲಿ, ತೊಳೆದು, ಆಮೇಲೆ ಮನೆಗೆ.

ತೊಳೆಯೋದಕ್ಕೂ ಒಂದು ಕ್ರಮ. ಖಾರ ತೆಗೆದ ಮೇಲೆ ಒರಳಿಗೆ ಹಾಕಿದ ಮೊದಲನೇ ನೀರು ಸಾರಿಗೆ, ಎರಡನೇ ನೀರು ದನದ ಬಾನಿಗೆ. ಇವತ್ತೂ ನಿಮ್ಮಮ್ಮ ಮಿಕ್ಸಿ ಜಾರ್‌ಗೆ ಅರ್ಧ ಲೋಟ ನೀರು ಹಾಕಿ ಕುಲುಕಿ ಸಾಂಬಾರಿಗೆ ಸುರೀತಾರಲ್ಲ, ಅದು ಒರಳುಕಲ್ಲಿನ ಕಾಲದ ಅಭ್ಯಾಸ. ಯಂತ್ರ ಬದಲಾಯ್ತು, ಕೈ ಬದಲಾಗಲಿಲ್ಲ.

ಬೀಸುವಾಗ ಹಾಡು ಇತ್ತು. ಹಲಸಂಗಿ ಗೆಳೆಯರು ನಮ್ಮ ಉತ್ತರದ ಕಡೆ ಹೆಣ್ಮಕ್ಕಳು ಹಾಡ್ತಿದ್ದ ಇಂಥ ಪದಗಳನ್ನ ಕೂಡಿಸಿ "ಗರತಿಯ ಹಾಡು" ಅಂತ ಪುಸ್ತಕ ಮಾಡಿದ್ದಾರೆ. ಮಿಕ್ಸಿಗೆ ಹಾಡಿಲ್ಲ. ಇದ್ರೂ ಆ ಸದ್ದಲ್ಲಿ ಯಾರಿಗೆ ಕೇಳಬೇಕು?

ಹಾಗಂತ "ಒರಳಲ್ಲಿ ರುಬ್ಬಿದ ರುಚಿ ಮಿಕ್ಸಿಲಿ ಎಲ್ಲಿ" ಅಂತ ನಾನು ಬರೆಯಲ್ಲ. ಆ ಮಾತು ಹೇಳೋರು ಸಾಮಾನ್ಯವಾಗಿ ತಿಂದೋರು, ರುಬ್ಬಿದೋರಲ್ಲ. ನಮ್ಮಜ್ಜಿನ ಕೇಳಿದ್ರೆ ರುಚಿ ಬಗ್ಗೆ ಮಾತಾಡಲ್ಲ, ಭುಜ ಮುಟ್ಟಿ ತೋರಿಸ್ತಾಳೆ.

3/8

ಈಗ ಸ್ವಲ್ಪ ದೂರ ಹೋಗೋಣ, ಬೇಗ ವಾಪಸ್ ಬರ್ತೀವಿ.

ಗಾಜಿನ ಲೋಟದ ತಳದಲ್ಲಿ ತಿರುಗೋ ಬ್ಲೇಡ್ ಇಟ್ಟು, ಕೆಳಗಿಂದ ಮೋಟರ್ ಓಡಿಸೋ ಐಡಿಯಾ ಅಮೆರಿಕದ್ದು. 1922ರಲ್ಲಿ ಸ್ಟೀಫನ್ ಪೊಪ್ಲಾವ್ಸ್ಕಿ ಅನ್ನೋರು ಇದಕ್ಕೆ ಪೇಟೆಂಟ್ ಹಾಕಿದರು. ಊರು ರೇಸಿನ್. ಹಾರ್ಲಿಕ್ಸ್ ಕಾರ್ಖಾನೆ ಇದ್ದದ್ದೂ ಅಲ್ಲೇ. ಹಾಲಿಗೆ ಮಾಲ್ಟ್ ಕಲಸೋದೇ ಅದರ ಕೆಲಸ ಆಗಿತ್ತು. 1937ರಲ್ಲಿ ಫ್ರೆಡ್ ವೇರಿಂಗ್ ಅನ್ನೋ ಬ್ಯಾಂಡ್ ಮಾಸ್ಟರ್ ತನ್ನ ಹೆಸರಲ್ಲಿ ಒಂದು ಬ್ಲೆಂಡರ್ ಮಾರೋಕೆ ಶುರು ಮಾಡಿದ. ಪಾನೀಯದ ಅಂಗಡಿ, ಹೋಟೆಲ್‌ಗಳಲ್ಲಿ ಅದು ಜೋರು ಹೆಸರು ಮಾಡ್ತು.

ಸೈನ್ಸ್ ಫ್ರೆಂಡ್ಸ್‌ಗೆ ಒಂದು ಮಾತು: 1952ರಲ್ಲಿ ಹರ್ಷಿ ಮತ್ತು ಮಾರ್ಥಾ ಚೇಸ್ ಅನುವಂಶಿಕ ಗುಣ ಸಾಗಿಸೋದು ಪ್ರೋಟೀನ್ ಅಲ್ಲ, ಡಿಎನ್‌ಎ ಅಂತ ತೋರಿಸಿದ ಪ್ರಯೋಗ ಇದೆಯಲ್ಲ, ಅದರಲ್ಲಿ ಬ್ಯಾಕ್ಟೀರಿಯಾದ ಮೈಗೆ ಅಂಟಿದ ವೈರಸ್ ಸಿಪ್ಪೆಗಳನ್ನ ಬಿಡಿಸಿದ್ದು ಇದೇ ವೇರಿಂಗ್ ಬ್ಲೆಂಡರ್. 1969ರಲ್ಲಿ ಹರ್ಷಿಗೆ ನೊಬೆಲ್ ಬಂತು. ಚೇಸ್‌ಗೆ ಬರಲಿಲ್ಲ. ಬ್ಲೆಂಡರ್ ಕಥೆಯಲ್ಲಿ ಹೆಣ್ಣಿನ ಹೆಸರು ಹಿಂದೆ ಬೀಳೋದು ಅಡುಗೆಮನೆಯಲ್ಲಿ ಮಾತ್ರ ಅಲ್ಲ.

4/8

ಈ ವಿದೇಶಿ ಯಂತ್ರಗಳೆಲ್ಲ ಮೆತ್ತಗಿನ ಪದಾರ್ಥದವು. ಹಣ್ಣು, ಹಾಲು, ಬೇಯಿಸಿದ ತರಕಾರಿ. ನಮ್ಮದು ಹಂಗಲ್ಲ. ಒಣ ಮೆಣಸಿನಕಾಯಿ, ಅರಿಶಿನ ಕೊಂಬು, ಒಣಕೊಬ್ಬರಿ, ಉದ್ದಿನಬೇಳೆ, ಶೇಂಗಾ. ಒಂದೇ ಬೆಳಗ್ಗೆ ಒಣದೂ ಆಗಬೇಕು, ಹಸಿದೂ ಆಗಬೇಕು.

1960ರ ದಶಕದ ಬಾಂಬೆ. ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿ ಎಂಜಿನಿಯರ್. ಅವರ ಹೆಂಡತಿ ಮಾಧುರಿ ಹತ್ತಿರ ಜರ್ಮನಿಯ ಬ್ರೌನ್ ಕಂಪನಿಯ ಮಿಕ್ಸರ್ ಇತ್ತು. ನಮ್ಮ ಅಡುಗೆಗೆ ತಡೀಲಿಲ್ಲ, ಮೋಟರ್ ಸುಟ್ಟು ಹೋಯ್ತು. ಆಗ ವಿದೇಶಿ ಸಾಮಾನು ತರಿಸೋಕೆ ಸರ್ಕಾರದ ಕಟ್ಟುಪಾಡು ಬಿಗಿ. ಬಿಡಿಭಾಗ ಸಿಗಲ್ಲ, ಸರ್ವಿಸ್ ಮಾಡೋರಿಲ್ಲ. ರಿಪೇರಿ ಆಗದ ಒಂದು ಮಿಕ್ಸರ್ ಮನೆಯಲ್ಲಿ ಸುಮ್ಮನೆ ಕೂತಿತ್ತು. ಮಾಥುರ್ ಕೈ ಹಾಕಿದರು. ನಮ್ಮ ಕಾಳಿಗೆ, ನಮ್ಮ ಮಸಾಲೆಗೆ ತಡೆಯೋ ಮೋಟರ್, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಬ್ಲೇಡು. 1970ರ ಹೊತ್ತಿಗೆ ಅದು ಸುಮೀತ್ ಅನ್ನೋ ಹೆಸರಲ್ಲಿ ಅಂಗಡಿಗೆ ಬಂತು. ಸುಮೀತ್ ಅಂದ್ರೆ ಒಳ್ಳೇ ಗೆಳೆಯ.

ಇಲ್ಲಿ ನಿಂತು ಒಂದು ಸಲ ಯೋಚನೆ ಮಾಡಿ. ಭಾರತದ ಮಿಕ್ಸಿ ಹುಟ್ಟಿದ್ದು ಯಾವ ಮಾರ್ಕೆಟ್ ಸರ್ವೆಯಿಂದಲೂ ಅಲ್ಲ. ಕೆಟ್ಟಿದ್ದನ್ನ ಸರಿ ಮಾಡೋರು ಇಲ್ಲದ್ದರಿಂದ. ಮತ್ತೆ ಏನು ಬೇಕು, ಎಷ್ಟು ನುಣ್ಣಗೆ ಬೇಕು, ಯಾವುದರಲ್ಲಿ ಕೆಡುತ್ತೆ ಅನ್ನೋದು ಗೊತ್ತಿದ್ದದ್ದು ಅದನ್ನ ಬಳಸಿ ಸುಟ್ಟ ಮನೆಯೊಡತಿಗೆ.

ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ಸುತ್ತೋ ಈ ಜಾತಿಯ ಮೋಟರ್ ತುಂಬಾ ಹೊತ್ತು ಓಡೋಕೆ ಮಾಡಿದ್ದಲ್ಲ. ಎಷ್ಟೋ ಕೈಪಿಡಿಯಲ್ಲಿ 5 ನಿಮಿಷ ಓಡಿಸಿ 2 ನಿಮಿಷ ನಿಲ್ಲಿಸಿ ಅನ್ನೋ ಥರ ಬರೆದಿರುತ್ತೆ. ಕೈಪಿಡಿ ಡಬ್ಬಿ ಜೊತೆ ಅಟ್ಟಕ್ಕೆ ಹೋಗುತ್ತೆ, ಅದು ಬೇರೆ ವಿಷಯ.

ಕಾಮರ್ಸ್‌ನೋರಿಗೆ ಒಂದು ಬೋನಸ್. ಸುಮೀತ್ ಹೆಸರು ಯಾರದ್ದು ಅನ್ನೋ ಜಗಳ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು. 1994ರ ಆ ತೀರ್ಪು, ಪವರ್ ಕಂಟ್ರೋಲ್ ಅಪ್ಲಯನ್ಸಸ್ ಮತ್ತು ಸುಮೀತ್ ಮಷೀನ್ಸ್ ನಡುವಿನದು, ಟ್ರೇಡ್‌ಮಾರ್ಕ್ ಪಾಠದಲ್ಲಿ ಇವತ್ತೂ ಬರುತ್ತೆ. ಒಂದು ಗುರುತಿಗೆ ಒಬ್ಬನೇ ಒಡೆಯ ಅನ್ನೋದು ಅದರ ಸಾರ. ಪರೀಕ್ಷೆಯಲ್ಲಿ ಬಂದ್ರೆ ಮಿಕ್ಸಿ ನೆನಪಿಸ್ಕೊಳ್ಳಿ, ಮರೆಯಲ್ಲ.

ಆಮೇಲೆ ದಾರಿ ಅಗಲ ಆಯ್ತು. 1978ರಲ್ಲಿ ಚೆನ್ನೈಯಲ್ಲಿ ಟಿ.ಟಿ. ವರದರಾಜನ್ ಪ್ರೀತಿ ಶುರು ಮಾಡಿದರು, 2011ರಲ್ಲಿ ಫಿಲಿಪ್ಸ್ ಅದನ್ನ ಕೊಂಡುಕೊಂಡಿತು. ಇಡ್ಲಿ ದೋಸೆ ಹಿಟ್ಟಿಗೆ ಕೊಯಮತ್ತೂರಿನ ವೆಟ್ ಗ್ರೈಂಡರ್ ಬಂತು, ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿದೆ, ನಮ್ಮ ಮೈಸೂರು ಮಲ್ಲಿಗೆ ಥರ. ತಮಿಳುನಾಡಿನಲ್ಲಿ 2011ರಿಂದ ಸರ್ಕಾರವೇ ಮನೆಮನೆಗೆ ಮಿಕ್ಸಿ, ಗ್ರೈಂಡರ್, ಫ್ಯಾನ್ ಪುಕ್ಕಟೆ ಹಂಚಿತು.

5/8

ಮಿಕ್ಸಿ ಬರಬೇಕಾದ್ರೆ ಮೊದಲು ಕರೆಂಟ್ ಬರಬೇಕಲ್ಲ. ಶಿವನಸಮುದ್ರದಲ್ಲಿ ಕರೆಂಟ್ ತಯಾರಾಗಿದ್ದು 1902ರಲ್ಲಿ, ಅದು ಮೊದಲು ಹೋಗಿದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ 1905ರಲ್ಲಿ. ಹಳ್ಳಿ ಅಡುಗೆಮನೆಗೆ ಎಷ್ಟೋ ದಶಕ ಆಮೇಲೆ. ಭಾಗ್ಯಜ್ಯೋತಿ ಬಂದಾಗಲೂ ಬಡವರ ಮನೆಗೆ ಸಿಕ್ಕಿದ್ದು ಒಂದು ಬಲ್ಬಿನ ಸಂಪರ್ಕ. ಅದರಲ್ಲಿ ಓದಬಹುದು, ರುಬ್ಬೋಕಾಗಲ್ಲ.

ನಮ್ಮ ಜಗಳೂರು ತಾಲ್ಲೂಕು 1997ರ ಆಗಸ್ಟ್ 15ರವರೆಗೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು, ಆಮೇಲೆ ದಾವಣಗೆರೆಗೆ ಸೇರ್ತು. ಜಿಲ್ಲೆ ಬದಲಾದ್ರೂ ಕರೆಂಟ್ ಹೋಗೋ ಟೈಮ್ ಬದಲಾಗಲಿಲ್ಲ ಅಂತ ನಮ್ಮಪ್ಪ ನಗ್ತಾರೆ. ಮಿಕ್ಸಿ ಇದ್ದ ಮನೆಗಳಲ್ಲೂ ಗಡಿಯಾರ ನೋಡಿ ಚಟ್ನಿ ಮಾಡಬೇಕಿತ್ತು. ಕರೆಂಟ್ ಬಂದ ಕೂಡಲೇ "ಖಾರ ತಿರುಗಿಸ್ಕೊಳ್ರೇ" ಅಂತ ಒಂದು ಕೂಗು. ಅದಕ್ಕೇ ಮಿಕ್ಸಿ ಬಂದ ಮೇಲೂ ಎಷ್ಟೋ ಮನೆಯಲ್ಲಿ ಒರಳುಕಲ್ಲು ಹಿತ್ತಲಿಗೆ ಹೋಗಲಿಲ್ಲ.

ಇನ್ನೊಂದು ಮಜಾ. ದೂರದರ್ಶನದ ಕಾಲದಲ್ಲಿ ಮಿಕ್ಸಿ ಹಾಕಿದ್ರೆ ಟಿವಿ ಪರದೆ ಮೇಲೆ ಗೆರೆ ಗೆರೆ ಬರ್ತಿತ್ತು, ರೇಡಿಯೋ ಕರಕರ ಅಂತಿತ್ತು. ಕಾರಣ ಮೋಟರ್ ಒಳಗಿನ ಎರಡು ಕಾರ್ಬನ್ ತುಂಡು. ಇಂಗ್ಲಿಷಲ್ಲಿ ಅದನ್ನ ಬ್ರಷ್ ಅಂತಾರೆ. ತಿರುಗೋ ಭಾಗಕ್ಕೆ ಒತ್ತಿಕೊಂಡು ಕರೆಂಟ್ ಕೊಡುವಾಗ ಅಲ್ಲಿ ಸಣ್ಣ ಸಣ್ಣ ಕಿಡಿ ಹಾರುತ್ತೆ, ಆ ಕಿಡಿಯೇ ಟಿವಿಗೆ ತೊಂದರೆ. ಭಾನುವಾರ ರಾಮಾಯಣ ಬರುವಾಗ ಯಾರಾದ್ರೂ ಮಿಕ್ಸಿ ಹಾಕಿದ್ರೆ ಇಡೀ ಓಣಿ ಕೂಗ್ತಿತ್ತಂತೆ.

6/8

ಈಗ ತೊಳೆಯೋ ವಿಷಯ. ಇದು ಉದ್ದ ಆಗುತ್ತೆ, ಯಾಕಂದ್ರೆ ಇದು ನಮ್ಮಮ್ಮ, ದೊಡ್ಡಮ್ಮ, ಪಕ್ಕದ ಮನೆ ಆಂಟಿ ಎಲ್ಲರ ಹತ್ತಿರ ಕೂತು ಬರ್ಕೊಂಡಿದ್ದು. ಯಾವ ಪುಸ್ತಕದಲ್ಲೂ ಇವರ ಹೆಸರಿಲ್ಲ, ಆದರೆ ನಮ್ಮ ಓಣಿಯಲ್ಲಿ ಇಪ್ಪತ್ತು ದಾಟಿದ ಮಿಕ್ಸಿಗಳು ಇನ್ನೂ ಓಡ್ತಿರೋದು ಇವರಿಂದ.

ರುಬ್ಬಿದ ಕೂಡಲೇ ತೊಳೀಬೇಕು, ಇದು ಮೊದಲನೇ ಮಾತು. ಖಾರ ಒಣಗಿ ಬ್ಲೇಡ್ ಬುಡದಲ್ಲಿ ಕೂತ್ರೆ ಆಮೇಲೆ ಉಜ್ಜೋಕೆ ಹೋಗಿ ಬೆರಳು ಕೊಯ್ಸಿಕೊಳ್ಳೋದೇ. ಸಾಂಬಾರಿಗೆ ಕುಲುಕಿದ ನೀರು ಹೋದ ಮೇಲೆ, ಅರ್ಧಕ್ಕಿಂತ ಕಡಿಮೆ ಉಗುರು ಬೆಚ್ಚಗಿನ ನೀರು, ಒಂದು ಹನಿ ಪಾತ್ರೆ ಸೋಪು, ಮುಚ್ಚಳ ಹಾಕಿ ಒಂದನೇ ಸ್ಪೀಡಲ್ಲಿ ಇಪ್ಪತ್ತು ಸೆಕೆಂಡ್. ಯಂತ್ರ ತನ್ನನ್ನ ತಾನೇ ತೊಳ್ಕೊಳ್ಳುತ್ತೆ. ಕುದಿಯೋ ನೀರು ಬೇಡ. ಮುಚ್ಚಿದ ಜಾರ್ ಒಳಗೆ ಹಬೆ ತುಂಬಿ ಮುಚ್ಚಳ ಎಗರಿ ಮುಖಕ್ಕೆ ಬರುತ್ತೆ. ಬಿಸಿ ಟೊಮೆಟೊ ರುಬ್ಬೋರಿಗೂ ಇದೇ ಮಾತು, ಆರಿದ ಮೇಲೆ ರುಬ್ಬಿ.

ಮುಚ್ಚಳದ ಒಳಗಿನ ರಬ್ಬರ್ ಬಳೆ ಬಿಚ್ಚಿ. ದಯವಿಟ್ಟು ಬಿಚ್ಚಿ. ಹೋದ ವಾರದ ಚಟ್ನಿ ಅಲ್ಲೇ ಇರುತ್ತೆ. ಜ್ಯೂಸಲ್ಲಿ ಬೆಳ್ಳುಳ್ಳಿ ವಾಸನೆ ಬರೋದು ಅದರಿಂದ. ತೊಳೆದು ಒಣಗಿಸಿ ಹಾಕಿ, ಸಡಿಲ ಆಗಿದ್ರೆ ಹೊಸದು ತನ್ನಿ.

ಜಾರ್‌ನ ರಾತ್ರಿಯೆಲ್ಲ ನೀರಲ್ಲಿ ಮುಳುಗಿಸಿ ಇಡಬೇಡಿ. ಬ್ಲೇಡ್ ಕಂಬಿ ಜಾರ್‌ನ ತಳ ತೂರಿ ಕೆಳಗೆ ಬರುವಲ್ಲಿ ಒಂದು ಬುಷ್ ಇರುತ್ತೆ. ಅಲ್ಲಿ ನೀರು ಕೂತು ತುಕ್ಕು ಹಿಡಿದ್ರೆ ಕಂಬಿ ಬಿಗಿಯಾಗುತ್ತೆ, ಇಲ್ಲಾ ಸೋರೋಕೆ ಶುರುವಾಗುತ್ತೆ. ಜಾರ್ ತಳದಲ್ಲಿ ಕಪ್ಪು ಜಿಡ್ಡು ನೀರು ಕಂಡ್ರೆ ಬುಷ್ ಹೋಗ್ತಿದೆ ಅಂತ ಅರ್ಥ. ಅದು ಮೇಲಕ್ಕೆ ನಿಮ್ಮ ಚಟ್ನಿಗೂ ಬರಬಹುದು, ಕೆಳಕ್ಕೆ ಮೋಟರ್‌ಗೂ ಇಳಿಯಬಹುದು. ತಡ ಮಾಡದೆ ಹಾಕಿಸಿ. ತೊಳೆದ ಜಾರ್‌ನ ಬೋರಲು ಹಾಕಿ, ಒಣಗಿದ ಮೇಲೆ ಮೋಟರ್ ಮೇಲೆ ಇಡಿ.

ಕಲ್ಲುಪ್ಪು ಹಾಕಿ ತಿರುಗಿಸಿದ್ರೆ ಬ್ಲೇಡ್ ಚೂಪಾಗುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನು ಇದನ್ನ ಪೂರ್ತಿ ಒಪ್ಪಲ್ಲ. ಉಪ್ಪಿನ ಹರಳು ಬ್ಲೇಡಿಗೆ ಮೆತ್ತಿದ ಜಿಡ್ಡು ಕಿತ್ತು ಹಾಕುತ್ತೆ, ಅದಕ್ಕೆ ಮತ್ತೆ ಚೆನ್ನಾಗಿ ಓಡಿದಂಗೆ ಅನ್ಸುತ್ತೆ. ಮಿಕ್ಸಿ ಅರೆಯೋದು ಚಾಕು ಥರ ಚೂಪಿನಿಂದಲ್ಲ, ವೇಗದಿಂದ. ಹಾಕೋದಾದ್ರೆ ಹಾಕಿ, ಆದರೆ ಕೂಡಲೇ ತೊಳೀರಿ. ಉಪ್ಪು ಕೂತ್ರೆ ಸ್ಟೀಲ್‌ಗೂ ಚುಕ್ಕೆ ಚುಕ್ಕೆ ಗುಂಡಿ ಬೀಳುತ್ತೆ.

ಮಸಾಲೆ ವಾಸನೆಗೆ ಒಂದು ಹಿಡಿ ಒಣ ಅಕ್ಕಿ ತಿರುಗಿಸಿ. ಅರಿಶಿನ ಹಿಡಿದ ಪ್ಲಾಸ್ಟಿಕ್ ಮುಚ್ಚಳ ಬಿಸಿಲಿಗಿಡಿ, ಬಿಸಿಲಿಗೆ ಅರಿಶಿನದ ಬಣ್ಣ ನಿಲ್ಲಲ್ಲ. ನಮ್ಮ ಜಗಳೂರು ಕಡೆ ಬಿಸಿಲಿಗೇನು ಬರವಿಲ್ಲ.

ಬರ ಇರೋದು ಒಳ್ಳೇ ನೀರಿಗೆ. ನಮ್ಮ ಬೋರ್‌ವೆಲ್ ನೀರು ಗಡಸು, ಫ್ಲೋರೈಡ್ ಸಮಸ್ಯೆ ಬೇರೆ. ಈ ನೀರಲ್ಲಿ ತೊಳೆದ ಸ್ಟೀಲ್ ಜಾರ್ ಒಳಗೆ ಬಿಳಿ ಪದರ ಕೂರುತ್ತೆ, ಉಜ್ಜಿದ್ರೂ ಹೋಗಲ್ಲ. ಉಜ್ಜೋ ನಾರಿಗೆ ಬಗ್ಗಲ್ಲ ಅದು, ಹುಳಿಗೆ ಬಗ್ಗುತ್ತೆ. ಹಿಂಡಿದ ನಿಂಬೆ ಸಿಪ್ಪೆ, ಇಲ್ಲಾ ಹುಣಸೆ ನೀರು, ಹತ್ತು ನಿಮಿಷ ಬಿಟ್ಟು ತೊಳೀರಿ. ತೊಳೆದ ಮೇಲೆ ಒಣ ಬಟ್ಟೆಯಲ್ಲಿ ಒರೆಸಿದ್ರೆ ಪದರ ಕೂರೋದೇ ಇಲ್ಲ.

ಮೋಟರ್ ಇರೋ ಭಾಗಕ್ಕೆ ನೀರು ಸುರೀಬೇಡಿ, ನಲ್ಲಿ ಕೆಳಗೆ ಹಿಡೀಬೇಡಿ. ಮೊದಲು ಪ್ಲಗ್ ತೆಗೀರಿ. ಸ್ವಿಚ್ ಆರಿಸಿದ್ರೆ ಸಾಲದು, ಪ್ಲಗ್ಗೇ ತೆಗೀರಿ. ಹಿಂಡಿದ ಬಟ್ಟೆ, ಸಂದಿಗೆ ಹಳೇ ಟೂತ್‌ಬ್ರಷ್. ಬಟ್ಟೆ ಹಾಸಿದ ಮೇಲೆ ಇಡಬೇಡಿ, ತಳದ ಕಿಂಡಿ ಮುಚ್ಚಿ ಮೋಟರ್‌ಗೆ ಗಾಳಿ ಸಿಗಲ್ಲ. ಪಿಜಿಯಲ್ಲಿರೋರು ಇದನ್ನ ಎರಡು ಸಲ ಓದಿ.

ವರ್ಷಕ್ಕೊಂದು ಸಲ ದೊಡ್ಡ ಕ್ಲೀನಿಂಗ್ ಎಲ್ಲರ ಮನೆಯಲ್ಲೂ ಆಗುತ್ತೆ, ಹೆಸರು ಬೇರೆ ಅಷ್ಟೇ. ಆಯುಧಪೂಜೆ ದಿನ ಮಿಕ್ಸಿ ಒರೆಸಿ, ವಿಭೂತಿ ಎಳೆದು, ಕುಂಕುಮ ಇಟ್ಟು, ಚೆಂಡುಹೂ ಮುಡಿಸ್ತೀವಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದೇ ವಾರ್ಷಿಕ ನಿರ್ವಹಣಾ ಒಪ್ಪಂದ.

7/8

ಈಗ ಲೆಕ್ಕ. ಮಿಕ್ಸಿ 3,600 ರೂಪಾಯಿ ಅಂತ ಇಟ್ಕೊಳ್ಳಿ. 12 ವರ್ಷ ಬಾಳಿದ್ರೆ ವರ್ಷಕ್ಕೆ ಸವಕಳಿ 300. ನೋಡ್ಕೊಳ್ಳದೆ 3 ವರ್ಷಕ್ಕೆ ಗುಜರಿಗೆ ಹೋದ್ರೆ ವರ್ಷಕ್ಕೆ 1,200. ನಡುವೆ ಇರೋ 900 ರೂಪಾಯಿ ಎಲ್ಲಿಂದ ಬಂತು? ಮಧ್ಯೆ ಮಧ್ಯೆ ಒಂದು ಬುಷ್, ಒಂದು ಬಳೆಗೆ ಸ್ವಲ್ಪ ದುಡ್ಡು ಹೋಗಿರುತ್ತೆ, ಉಳಿದಿದ್ದೆಲ್ಲ ಯಾರೋ ದಿನಾ ಎರಡು ಸಲ ಜಾರ್ ತೊಳೆದು ಬೋರಲು ಹಾಕಿದ್ದರಿಂದ ಬಂದಿದ್ದು. ಲೆಡ್ಜರಲ್ಲಿ ರಿಪೇರಿ ಖರ್ಚಿಗೆ ಜಾಗ ಇದೆ. ಆ ಕೈಗೆ ಯಾವ ಖಾತೆಯೂ ಇಲ್ಲ.

ಅಳತೆ ಮಾಡಿದೋರಿದ್ದಾರೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳ ಇಲ್ಲದ ಮನೆಕೆಲಸ ಮಾಡೋ ಹೆಂಗಸರು ಅದಕ್ಕೆ ಕೊಡೋದು ದಿನಕ್ಕೆ ಸರಾಸರಿ 299 ನಿಮಿಷ. ಆ ಕೆಲಸಕ್ಕೆ ಕೈ ಹಾಕೋ ಗಂಡಸರು 97 ನಿಮಿಷ. ಕೈ ಹಾಕೋ ಗಂಡಸರೇ ಕಡಿಮೆ, ಅದು ಇನ್ನೊಂದು. ಮಿಕ್ಸಿ, ಗ್ಯಾಸು, ಗ್ರೈಂಡರ್ ಎಲ್ಲ ಬಂದ ಮೇಲಿನ ಲೆಕ್ಕ ಇದು. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರಲ್ಲೇ ಈ ವಿಚಿತ್ರದ ಬಗ್ಗೆ ಒಂದು ಪುಸ್ತಕ ಬರೆದಿದ್ದರು: ಮನೆಗೆ ಯಂತ್ರ ಬಂದಷ್ಟೂ ಹೆಂಗಸರ ಕೆಲಸ ನಾವಂದುಕೊಂಡಷ್ಟು ಇಳಿಯಲಿಲ್ಲ ಅಂತ. ನಮ್ಮನೇಲೇ ನೋಡಿ. ಒರಳಿದ್ದಾಗ ಹೊತ್ತಿಗೊಂದು ಚಟ್ನಿ. ಈಗ ಮಿಕ್ಸಿ ಇದೆಯಲ್ಲ ಅಂತ ಶೇಂಗಾ ಚಟ್ನಿ ಒಬ್ಬರಿಗೆ, ಕೊಬ್ಬರಿ ಚಟ್ನಿ ಇನ್ನೊಬ್ಬರಿಗೆ, ಸಂಜೆ ಜ್ಯೂಸ್. ರುಬ್ಬೋದು ಎರಡು ನಿಮಿಷ, ಮೂರು ಜಾರ್ ತೊಳೆಯೋದು ಯಾರು?

ನಮ್ಮನೇಲಿ ಭಾನುವಾರದ ಮಿಕ್ಸಿ ಈಗ ನನ್ನ ಪಾಳಿ. ರುಬ್ಬೋದಲ್ಲ, ತೊಳೆಯೋದು. ಅಮ್ಮ ಮೊದಲ ಎರಡು ವಾರ ಪಕ್ಕದಲ್ಲೇ ನಿಂತು ನೋಡಿದರು. ಈಗ ನಿಲ್ಲಲ್ಲ.

8/8

ಕೊನೇದು ರಿಪೇರಿ. ಮಿಕ್ಸಿ ಕೆಡೋದು ಬಹಳ ಸಲ ಕಪ್ಲರ್‌ನಿಂದ. ಮೋಟರ್ ತಲೆ ಮೇಲೆ ಹಲ್ಲು ಹಲ್ಲಾಗಿರೋ ಗುಂಡನೆ ತುಂಡು, ಜಾರ್ ಕೂರೋದು ಅದರ ಮೇಲೆ. ಅದನ್ನ ಬೇಕಂತಲೇ ಮೆತ್ತಗಿನ ವಸ್ತುವಿನಲ್ಲಿ ಮಾಡಿರ್ತಾರೆ. ಬ್ಲೇಡ್ ಸಿಕ್ಕಿಕೊಂಡ್ರೆ ಇದು ಮುರಿದು ಮೋಟರ್ ಉಳಿಸುತ್ತೆ. ಮೋಟರ್ ಗುಯ್ ಅಂತ ತಿರುಗ್ತಾ ಇದೆ, ಬ್ಲೇಡ್ ಮಾತ್ರ ತಿರುಗ್ತಿಲ್ಲ ಅಂದ್ರೆ ಸಾಮಾನ್ಯವಾಗಿ ಇದೇ. ಕಿಂಡಿಯಲ್ಲಿ ದೊಡ್ಡ ಕಿಡಿ ಕಂಡು ಸುಟ್ಟ ವಾಸನೆ ಬಂದ್ರೆ ಕಾರ್ಬನ್ ಸವೆದಿರಬಹುದು. ಎರಡನ್ನೂ ಒಟ್ಟಿಗೆ ಬದಲಾಯಿಸಬೇಕು. ಅದನ್ನ ಮಾತ್ರ ನೀವೇ ಬಿಚ್ಚೋಕೆ ಹೋಗಬೇಡಿ, ಕೆಲಸ ಗೊತ್ತಿರೋರಿಗೆ ಕೊಡಿ.

ನಮ್ಮನೆ ಮಿಕ್ಸಿಯ ಕಪ್ಲರ್ ಹೋದಾಗ ಸರ್ವಿಸ್ ಸೆಂಟರಲ್ಲಿ ಹೇಳಿದ್ದು "ಈ ಮಾಡೆಲ್ ನಿಂತಿದೆ, ಎಕ್ಸ್‌ಚೇಂಜಲ್ಲಿ ಹೊಸದು ತಗೊಳ್ಳಿ" ಅಂತ. ಪೇಟೆಯ ಸಣ್ಣ ರಿಪೇರಿ ಅಂಗಡಿಯಲ್ಲಿ ಡಬ್ಬಿ ತುಂಬ ಕಪ್ಲರ್ ಸುರಿದು, ಹೊಂದೋದನ್ನ ಹುಡುಕಿ, ಅರವತ್ತು ರೂಪಾಯಿಗೆ ಹಾಕಿ ಕೊಟ್ಟರು. ಐವತ್ತು ಅರವತ್ತು ವರ್ಷದ ಹಿಂದೆ ಬಾಂಬೆಯ ಒಂದು ಮನೆಯಲ್ಲಿ ಬಿಡಿಭಾಗ ಸಿಗದೆ ಮಿಕ್ಸರ್ ಕೂತಿತ್ತು, ಆಗ ಆಮದಿನ ಕಟ್ಟುಪಾಡು ಕಾರಣ. ಈಗ ಬೀದಿಗೊಂದು ಶೋರೂಮ್ ಇದ್ದೂ ಅದೇ ಮಾತು ಕೇಳ್ತೀವಿ.

ಇದಕ್ಕೇ ದೇಶದಲ್ಲಿ ರಿಪೇರಿ ಹಕ್ಕಿನ ಚರ್ಚೆ ಶುರುವಾಗಿದೆ. 2022ರ ಡಿಸೆಂಬರ್ 24, ರಾಷ್ಟ್ರೀಯ ಗ್ರಾಹಕರ ದಿನ, ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ "ರೈಟ್ ಟು ರಿಪೇರ್" ಪೋರ್ಟಲ್ ತೆರೆಯಿತು. ಫೋನ್, ವಾಹನ, ಕೃಷಿ ಯಂತ್ರದ ಜೊತೆ ಮನೆಬಳಕೆ ಸಾಮಾನೂ ಅದರಲ್ಲಿ ಸೇರಿದೆ. ಬಿಡಿಭಾಗ ಎಲ್ಲಿ ಸಿಗುತ್ತೆ, ಸರ್ವಿಸ್ ಹೇಗೆ ಅನ್ನೋ ಮಾಹಿತಿ ಕಂಪನಿಗಳು ಅಲ್ಲಿ ಕೊಡಬೇಕು ಅನ್ನೋದು ಉದ್ದೇಶ. "ಎಕ್ಸ್‌ಚೇಂಜ್ ಮಾಡಿ" ಅಂದಾಗ ಕೌಂಟರಲ್ಲಿ ನಿಂತೇ ಫೋನಲ್ಲಿ ತೆಗೆದು ನೋಡಿ.

ಅಂಗಡಿಗೆ ಹೋಗುವಾಗ ಮುರಿದ ಕಪ್ಲರ್ ಎಸೀದೆ ಜೇಬಲ್ಲಿ ಹಾಕ್ಕೊಂಡು ಹೋಗಿ. ಹಲ್ಲಿನ ಲೆಕ್ಕ ಕಂಪನಿಗೊಂದು ಥರ ಇರುತ್ತೆ, ಬಾಯಲ್ಲಿ ಹೇಳಿದ್ರೆ ಅವರಿಗೂ ತಿಳಿಯಲ್ಲ.